ಹಾಲಿನ ಪಟ್ಟಿಯ ಬೀಗ

ಏಪ್ರಿಲ್ ತಿಂಗಳ ಮೊದಲ ವಾರ ಮುಗಿಯುವಷ್ಟರಲ್ಲಿ ಕಹಿ ಕಿತ್ತಳೆಯ ಗಿಡಗಳೆಲ್ಲ ಬಿರಿದು ಬೆಳ್ಳಗಾಗಿದ್ದವು. ಹೂವಿನ ಕಾಲ ಮೂರು ವಾರ, ಹೆಚ್ಚೆಂದರೆ ನಾಲ್ಕು; ಆಮೇಲೆ ಬೇಕೆಂದರೂ ಒಂದು ಎಸಳು ಸಿಗುವುದಿಲ್ಲ. ಅದಕ್ಕೇ ಹೆಂಗಸರು ಇಬ್ಬನಿ ಆರುವುದನ್ನೇ ಕಾದು ಏಣಿ ಹತ್ತುತ್ತಿದ್ದರು. ಗಿಡದ ಬುಡಕ್ಕೆ ಹಳೆಯ ಹೊದಿಕೆಗಳನ್ನು ಹಾಸಿ, ಎಲೆಗೆ ಪೆಟ್ಟಾಗದಂತೆ ಬೆರಳ ತುದಿಯಲ್ಲಿ ಹೂ ಬಿಡಿಸಿ ಕೆಳಕ್ಕೆ ಉದುರಿಸುತ್ತಿದ್ದರು. ನಜೀಬನ ತೋಟದಲ್ಲಿ ಅಂದು ಏಳು ಹೆಂಗಸರಿದ್ದರು. ಮನೆಯ ಹಿತ್ತಿಲಲ್ಲಿ ಅವನ ಹೆಂಡತಿ ಹಯಾತ್ ತಾಮ್ರದ ಭಟ್ಟಿಯ ಕೆಳಗೆ ಕಟ್ಟಿಗೆ ತುರುಕಿ, ನಳಿಗೆಯ ಸಂದಿಗೆ ಹಿಟ್ಟು ಮೆತ್ತಿ, ಹೂನೀರು ಹನಿಹನಿಯಾಗಿ ಇಳಿಯುವುದನ್ನು ಕಾಯುತ್ತಿದ್ದಳು. ಮಗಳು ವಿದಾದ್ ಚಾಪೆಯ ಮೇಲೆ ಕೂತು ಹೂವಿನ ನಡುವಿನ ಕಡ್ಡಿ, ಎಲೆ ಆರಿಸುತ್ತಿದ್ದಳು.

ಹನ್ನೊಂದು ಗಂಟೆಗೆ ನಜೀಬ್ ತಕ್ಕಡಿ ತೂಗುಹಾಕಿದ. ಹೆಂಗಸರು ಒಬ್ಬೊಬ್ಬರಾಗಿ ಗಂಟು ತಂದಿಟ್ಟರು. ಐದನೆಯವಳು ತಾವೂಸ್. ಐವತ್ತೈದರ ಹೆಂಗಸು, ಮೂವತ್ತು ವರ್ಷದಿಂದ ಇದೇ ತೋಟದಲ್ಲಿ ಹೂ ಬಿಡಿಸುತ್ತಿದ್ದವಳು. ನಜೀಬ್ ಅವಳ ಗಂಟಿನೊಳಗೆ ಕೈ ಹಾಕಿ, ತೆಗೆದು, ಅಂಗೈಯನ್ನು ಎಲ್ಲರಿಗೂ ತೋರಿಸಿದ.

"ಇದೇನು ತಾವೂಸ್, ಹೂವೋ, ಒಗೆದು ತಂದ ಬಟ್ಟೆಯೋ?"

"ಇಬ್ಬನಿ, ಸೀ ನಜೀಬ್" ಎಂದು ತಾವೂಸ್ ಮರ್ಯಾದೆಯಿಂದಲೇ ಅಂದಳು. "ನನ್ನ ಗಿಡ ಗೋಡೆ ನೆರಳಲ್ಲಿದೆ. ನೀವೇ ತಾನೆ ಅಲ್ಲಿ ನಿಲ್ಲಿಸಿದ್ದು?"

"ಹನ್ನೊಂದು ಗಂಟೆಗೆ ಇಬ್ಬನಿ! ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದೀಯ."

"ಬಾಯಿಗೆ ಬಂದದ್ದು ಅನ್ಬೇಡಿ."

"ಮೂವತ್ತು ವರ್ಷದಿಂದ ಹೀಗೇ ಮಾಡ್ತಿದ್ದೆಯೋ ಏನೋ, ಇವತ್ತು ಕೈಗೆ ಸಿಕ್ಕೆ. ಕಳ್ಳಿ!"

ತಾವೂಸ್ ಗಂಟಿನ ನಾಲ್ಕು ಮೂಲೆ ಬಿಚ್ಚಿ, ಅಷ್ಟೂ ಹೂವನ್ನು ನಜೀಬನ ಕಾಲ ಬುಡಕ್ಕೆ ಸುರಿದು, ಹೊದಿಕೆಯನ್ನು ಕೊಡವಿ ಮಡಚಿ ಕಂಕುಳಲ್ಲಿಟ್ಟುಕೊಂಡಳು. "ತಗೊಳ್ಳಿ ನಿಮ್ಮ ಹೂವು. ತೂಗೋದೂ ಬೇಡ." ಹೋಗುವ ಮುಂಚೆ ಭಟ್ಟಿಯ ಕಡೆಗೆ ತಿರುಗಿ ಹಯಾತ್‌ಳನ್ನು ಒಮ್ಮೆ ನೋಡಿದಳು. ಹಯಾತ್ ಬೆಂಕಿಯನ್ನೇ ನೋಡುತ್ತಿದ್ದಳು. ಉರಿಯುವ ಕಟ್ಟಿಗೆಯನ್ನು ಸುಮ್ಮನೆ ಹೊರಕ್ಕೆಳೆದು ಮತ್ತೆ ಒಳಕ್ಕೆ ತುರುಕಿದಳು.

ವಿದಾದ್‌ಳ ಕೈಯಲ್ಲಿದ್ದ ಹೂವು ನುಜ್ಜುಗುಜ್ಜಾಯಿತು. ಅಮ್ಮ ಈಗ ಬಾಯಿ ಬಿಡುತ್ತಾಳೆ, ಈಗ ಬಿಡುತ್ತಾಳೆ ಎಂದು ಅವಳು ಕಾದಳು. ಹಯಾತ್ ಬಿಡಲಿಲ್ಲ. ಬಿಡಬೇಕಾಗಿತ್ತು ಎಂಬುದು ತಾವೂಸಳನ್ನು ಬಿಟ್ಟರೆ ಹಯಾತ್‌ಗೆ, ಮುದುಕಿ ಮೊಂಜಿಯಾಗೆ, ಮತ್ತು ಕಳೆದ ಚಳಿಗಾಲದಿಂದ ವಿದಾದ್‌ಗೆ ಮಾತ್ರ ಗೊತ್ತಿತ್ತು.

ಮೊಂಜಿಯಾ ನಜೀಬನ ತಾಯಿ. ಆ ಊರಿಗೂ ಸುತ್ತಲ ಮೂರು ಊರಿಗೂ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಅವರ ಧರ್ಮದ ಪ್ರಕಾರ ಒಬ್ಬಳೇ ತಾಯಿಯ ಎದೆಹಾಲು ಕುಡಿದ ಮಕ್ಕಳು ಯಾರ ಹೊಟ್ಟೆಯಲ್ಲಿ ಹುಟ್ಟಿದ್ದರೂ ಅಣ್ಣತಂಗಿಯರೇ. ಅವರಿಗೆ ಮದುವೆ ಕೂಡದು. ಯಾವ ಮಗು ಯಾರ ಹಾಲು ಕುಡಿಯಿತು ಎಂಬುದೆಲ್ಲ ಸೂಲಗಿತ್ತಿಯ ತಲೆಯಲ್ಲಿರುತ್ತಿತ್ತು. ಗಂಡುಹೆಣ್ಣಿನ ಮಾತು ಮುಂದುವರಿಯುವ ಮೊದಲು ಹೆಂಗಸರು ಒಂದು ಪೊಟ್ಟಣ ಸಕ್ಕರೆ ಹಿಡಿದು ಮೊಂಜಿಯಾಳ ಹತ್ತಿರ ಬರುತ್ತಿದ್ದರು. ಅವಳು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು "ಆಗುತ್ತೆ" ಅನ್ನುತ್ತಿದ್ದಳು, ಇಲ್ಲವೇ "ಆಗಲ್ಲ" ಅನ್ನುತ್ತಿದ್ದಳು. ಯಾಕೆ ಎಂದು ಅವಳು ಹೇಳುತ್ತಿರಲಿಲ್ಲ, ಕೇಳುವ ಪದ್ಧತಿಯೂ ಇರಲಿಲ್ಲ. ತಾಯಿಯಿದ್ದೂ ಮಗು ಬೇರೆಯವಳ ಎದೆಗೆ ಹೋಗಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತಿತ್ತು. ಗಂಡನ ಹೊಡೆತವೋ, ತವರಿಗೆ ಓಡಿಹೋದದ್ದೋ, ಕಾಯಿಲೆಯೋ. ಅದು ಆಯಾ ಮನೆಯ ಗೋಡೆಯೊಳಗೇ ಇರಬೇಕಾದದ್ದು.

ಹೋದ ವರ್ಷ ಮೊಂಜಿಯಾ ಒಂದು ಜೋಡಿಗೆ "ಆಗುತ್ತೆ" ಅಂದಳು. ಮೂರನೆಯ ದಿನ ನಮಾಜಿಗೆ ಕೈಕಾಲು ತೊಳೆಯುತ್ತಿದ್ದಾಗ ನೆನಪು ಮರಳಿ, ಬರಿಗಾಲಲ್ಲೇ ಓಡಿಹೋಗಿ ನಿಲ್ಲಿಸಿಬಂದಳು. ಅಂದೇ ಸಂಜೆ ಮೊಮ್ಮಗಳನ್ನು ಕರೆದಳು.

"ಬರೆದಿಡು ವಿದಾದ್. ನನ್ನ ತಲೆ ತೂತು ಬಿದ್ದ ಜರಡಿ ಆಗಿದೆ."

"ಪುಸ್ತಕದಲ್ಲಿ ಬರೀಲಾ ಮೇಮ?"

"ಪುಸ್ತಕ ಯಾರು ಬೇಕಾದ್ರೂ ತೆಗೀತಾರೆ. ನಿಮ್ಮಪ್ಪ ಎಲ್ಲರಿಗಿಂತ ಮೊದಲು ತೆಗೀತಾನೆ."

"ಕಂಪ್ಯೂಟರಲ್ಲಿ ಬರೆದು ಬೀಗ ಹಾಕಬಹುದು."

"ಬೀಗದ ಕೈ ಎಲ್ಲಿಡ್ತೀಯ?"

"ಕೈ ಇರಲ್ಲ ಮೇಮ. ಒಂದು ಗುಟ್ಟಿನ ಮಾತು. ಅದನ್ನ ಒತ್ತಿದ್ರೆ ಮಾತ್ರ ತೆರೆಯುತ್ತೆ. ನನ್ನ ತಲೇಲಿರುತ್ತೆ."

"ನಂಗೂ ಹೇಳ್ಬೇಡ. ನನ್ನ ಬಾಯಿ ಈಗ ಸೋರುತ್ತೆ. ಇನ್ನೊಂದು ಕಡೆ ನಕಲು ಮಾಡಿಡೋದೂ ಬೇಡ. ಒಂದೇ ಇರಲಿ."

ಮುಂದಿನ ಕೋಣೆಯಲ್ಲಿದ್ದ ಕಂಪ್ಯೂಟರು ಶಾಕಿರನ ಓದಿಗೆಂದು ಹಿಂದೆ ತಂದದ್ದು. ಅವನು ವಿದ್ಯುತ್ ಕೆಲಸ ಕಲಿತು ದುಡಿಮೆಗೆ ಹೋದಮೇಲೆ ಅದು ತಂಗಿಯ ಪಾಲಿಗೆ ಬಂದಿತ್ತು. ಹೂನೀರಿನ ಬಾಟಲಿಗಳಿಗೆ ಲೇಬಲ್ ಪ್ರಿಂಟ್ ಮಾಡಿಕೊಂಡು ಅವಳು ವಾರಕ್ಕೊಮ್ಮೆ ನಾಬುಲ್ ಪೇಟೆಗೆ ಹೋಗಿ ಮಾರಿಬರುತ್ತಿದ್ದಳು. ಚಳಿಗಾಲದುದ್ದಕ್ಕೂ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮುದುಕಿ ಹೇಳಿದಳು, ಇವಳು ಬರೆದಳು. ಇನ್ನೂರ ಹದಿನಾಲ್ಕು ಮಕ್ಕಳು. ಒಂದು ದಿನ ಮುದುಕಿ ಅದೇ ದನಿಯಲ್ಲಿ, "ನಜೀಬನ ಮಗ ಶಾಕಿರ್, ತಾವೂಸ್ ಹತ್ರ, ಮೂವತ್ತೆಂಟು ದಿನ" ಅಂದಳು.

ವಿದಾದ್‌ಳ ಬೆರಳು ನಿಂತಿತು. "ನಮ್ಮ ಶಾಕಿರಾ? ಉಮ್ಮಿಗೆ ಹಾಲಿರಲಿಲ್ವಾ?"

"ಬರಿ. ಪ್ರಶ್ನೆ ಕೇಳೋಳಾದ್ರೆ ಬೇರೆ ಯಾರನ್ನಾದ್ರೂ ಕೂರಿಸ್ಕೋತೀನಿ."

ವಿದಾದ್ ಬರೆದಳು. ಎರಡು ವಾರ ಕಳೆದು ಅದೇ ಹೆಸರು ಮತ್ತೆ ಬಂತು: ಇಲ್ಹಾಮ್, ತಾವೂಸ್ ಹತ್ತಿರ, ಒಂದು ಚಳಿಗಾಲ ಪೂರ್ತಿ. ಆಗ ಅದಕ್ಕೇನೂ ಅರ್ಥವಿರಲಿಲ್ಲ.

ಅರ್ಥ ಬಂದದ್ದು ತಾವೂಸಳನ್ನು ಓಡಿಸಿದ ವಾರದ ಶುಕ್ರವಾರ. ಮಧ್ಯಾಹ್ನದ ಊಟಕ್ಕೆ ಬಟಾಣಿ, ಕುರಿಮಾಂಸ ಹಾಕಿದ ಕುಸ್‌ಕುಸ್‌ನ ದೊಡ್ಡ ಬೋಗುಣಿಯ ಸುತ್ತ ಐವರೂ ಕೂತಿದ್ದರು. ಶಾಕಿರ್‌ಗೆ ಇಪ್ಪತ್ತೆಂಟು. ಅಂದು ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಮೇಮ, ಇಲ್ಹಾಮ್ ಮನೆಯವರು ಒಪ್ಪಿದ್ದಾರೆ. ನೀನೊಂದು 'ಆಗುತ್ತೆ' ಅಂದ್ಬಿಟ್ರೆ ಭಾನುವಾರ ಮಿಠಾಯಿ ತಟ್ಟೆ ತಗೊಂಡು ಹೋಗಿಬರ್ತೀವಿ."

"ನಮ್ಮನೆ ಹುಡುಗನಿಗೇ ಕಣ್ಣು ಮುಚ್ಚಿ ಯೋಚಿಸ್ಬೇಕೇನಮ್ಮ? ಬೇಗ ಹೇಳು, ಕುಸ್‌ಕುಸ್ ಆರುತ್ತೆ" ಎಂದು ನಜೀಬ್ ನಕ್ಕ.

ಮೊಂಜಿಯಾ ಚಮಚ ಕೆಳಗಿಟ್ಟಳು. "ಆಗಲ್ಲ."

"ಏನು?"

"ಆಗಲ್ಲ ಅಂದೆ. ಬೇರೆ ಹುಡುಗಿ ನೋಡಿ."

ಶಾಕಿರ್ ನಗಲೋ ಬೇಡವೋ ಎಂದು ಎಲ್ಲರ ಮುಖ ನೋಡಿದ. ಅಮ್ಮನ ಮುಖ ನೋಡಿದಾಗ ನಗು ಆರಿತು. ಹಯಾತ್ ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿಯದೆ ಕೂತಿದ್ದಳು.

"ಯಾಕೆ ಆಗಲ್ಲ? ಇಲ್ಹಾಮ್ ಯಾರ ಹಾಲು ಕುಡಿದಿದ್ದಾಳೆ? ಉಮ್ಮಿ, ನೀನು ಕೊಟ್ಟಿದ್ಯಾ?"

"ಇಲ್ಲಪ್ಪ."

"ಮತ್ತೆ? ನಾನು ನಿನ್ನ ಹಾಲು ಬಿಟ್ಟು ಇನ್ಯಾರ ಹಾಲು ಕುಡಿದಿದ್ದೀನಿ?"

ಹಯಾತ್ ತುತ್ತು ನುಂಗಿ ಅತ್ತೆಯ ಕಡೆ ನೋಡಿದಳು. "ಲಲ್ಲಾ ಹೇಳಿದ್ಮೇಲೆ ಮುಗೀತು. ಊಟ ಮಾಡು."

"ಊಟವಂತೆ!" ಅವನು ಚಮಚವನ್ನು ಬೋಗುಣಿಗೆ ಎಸೆದ, ಬಟಾಣಿ ಅಜ್ಜಿಯ ಮಡಿಲಿಗೆ ಸಿಡಿಯಿತು. ಮುದುಕಿ ಅದನ್ನು ಒಂದೊಂದಾಗಿ ಆರಿಸಿ ತಿಂದಳು.

ಭಾನುವಾರ ಮಿಠಾಯಿ ತಟ್ಟೆ ಹೋಗಲಿಲ್ಲ. ಇಲ್ಹಾಮಳ ತಾಯಿಗೂ ಸುದ್ದಿ ಮುಟ್ಟಿ, ಅವಳು ಒಂದು ಮಾತೂ ಕೇಳದೆ ಮಗಳನ್ನು ಸೂಸ್‌ನಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸಿದಳು. ಅದು ಶಾಕಿರನನ್ನು ಇನ್ನೂ ಉರಿಸಿತು. ಅಜ್ಜಿಯ ತಲೆ ಕೆಟ್ಟಿದೆ, ಹೋದ ವರ್ಷವೂ ಹೀಗೇ ತಪ್ಪು ಹೇಳಿದ್ದಳು ಎಂದು ಅವನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದ. ಹಾಗಿರುವಾಗ ಒಂದು ಸಂಜೆ ಏನೋ ಬಿಲ್ಲು ಪ್ರಿಂಟ್ ಮಾಡಲು ಕಂಪ್ಯೂಟರ್ ಮುಂದೆ ಕೂತವನಿಗೆ ತಂಗಿಯ ಲೇಬಲ್ಲುಗಳ ನಡುವೆ ಒಂದು ಫೈಲ್ ಕಂಡಿತು. ಬೀಗ ಹಾಕುವ ಬುದ್ಧಿಯಿದ್ದ ವಿದಾದ್‌ಗೆ ಹೆಸರು ಮರೆಮಾಡುವ ಬುದ್ಧಿ ಹೊಳೆದಿರಲಿಲ್ಲ. ಫೈಲಿನ ಹೆಸರು 'ಹಾಲು' ಎಂದೇ ಇತ್ತು.

"ಬಾಬಾ, ಬಾ ಇಲ್ಲಿ."

ನಜೀಬ್ ಕನ್ನಡಕ ಏರಿಸಿ ನೋಡಿದ. "ಹಾಲು? ನಮ್ಮನೇಲಿ ಹಸುವೇ ಇಲ್ವಲ್ಲ."

"ಹಸು ಅಲ್ಲ ಬಾಬಾ. ಅಜ್ಜಿಯ ತಲೇಲಿದ್ದದ್ದನ್ನೆಲ್ಲ ಇವಳು ಇಲ್ಲಿ ತುಂಬಿಟ್ಟಿದ್ದಾಳೆ. ವಿದಾದ್! ಇದರ ಪಾಸ್‌ವರ್ಡ್ ಏನು?"

ವಿದಾದ್ ಅಡುಗೆಮನೆಯಿಂದ ಕೈ ಒರೆಸುತ್ತ ಬಂದಳು. "ಹೇಳಲ್ಲ."

"ನನ್ನ ಕಂಪ್ಯೂಟರು."

"ಕಂಪ್ಯೂಟರು ನಿಂದು. ಫೈಲು ಅಜ್ಜೀದು."

"ದುಡ್ಡು ನಂದು. ನಾನು ಕೇಳ್ತಿದ್ದೀನಿ, ಹೇಳು" ಎಂದ ನಜೀಬ್.

"ನಿಮಗೆ ಬೇಕಾದ್ದು ಆಗುತ್ತೋ ಆಗಲ್ವೋ ಅನ್ನೋದು. ಅದನ್ನ ಮೇಮ ಹೇಳಿಯಾಯ್ತು. ಅದರಲ್ಲಿ ಇನ್ನೂರು ಮನೆ ಮಾತಿದೆ ಬಾಬಾ. ಇವತ್ತು ಇವನಿಗೆ ತೆಗೆದ್ರೆ ನಾಳೆ ಕಾಫಿ ಅಂಗಡೀಲಿ ಊರೆಲ್ಲ ಓದುತ್ತೆ."

"ನಾನು ಕಾಫಿ ಅಂಗಡಿಗೆ ಹೇಳ್ತೀನಾ?"

"ಅಜ್ಜಿಗೆ ತಲೆ ಕೆಟ್ಟಿದೆ ಅಂತ ಎಲ್ಲಿ ಹೇಳ್ದೆ? ಮಸೀದೀಲಾ?"

ಶಾಕಿರ್ ಅವಳತ್ತ ಕೈ ಎತ್ತಿದ. ಒಳಗಿಂದ ಮುದುಕಿ, "ಹೊಡಿ, ಹೊಡಿ. ಹೊಡೆದ್ರೆ ಹಲ್ಲು ಉದುರುತ್ತೆ, ಮಾತು ಉದುರಲ್ಲ" ಅಂದಳು. ಅವನು ಕೈ ಇಳಿಸಿದ.

ಅಂದಿನಿಂದ ಅಪ್ಪಮಗ ಇಬ್ಬರೂ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂರುವುದು ಶುರುವಾಯಿತು. ವಿದಾದ್‌ಳ ಹುಟ್ಟಿದ ದಿನ, ಅಜ್ಜಿಯ ಹೆಸರು, ಸತ್ತುಹೋದ ಬೆಕ್ಕಿನ ಹೆಸರು, ಎಲ್ಲ ಒತ್ತಿ ನೋಡಿದರು.

"ನನ್ನ ಹೆಸರು ಹಾಕು" ಎಂದ ನಜೀಬ್.

"ನಿನ್ನ ಹೆಸರು ಯಾಕಿಡ್ತಾಳೆ?"

"ಯಾಕಿಡಲ್ಲ? ಅಪ್ಪ ಅಲ್ವೇನೋ ನಾನು?"

"ತಪ್ಪು ಅಂತಿದೆ ಬಾಬಾ."

"ಇನ್ನೊಂದ್ಸಲ ಸರಿಯಾಗಿ ಒತ್ತು!"

ಪಾತ್ರೆ ತೊಳೆಯುತ್ತಿದ್ದ ವಿದಾದ್‌ಗೆ ನಗುವೂ ಸಿಟ್ಟೂ ಒಟ್ಟಿಗೆ ಬಂದವು. ಮರುದಿನ ನಗು ಉಳಿಯಲಿಲ್ಲ. ಫೈಲ್ ತೆರೆಯುವವರೆಗೂ ಪೇಟೆಗೆ ಹೋಗಕೂಡದು ಎಂದು ನಜೀಬ್ ಕಟ್ಟಪ್ಪಣೆ ಮಾಡಿದ. ತುಂಬಿಟ್ಟ ಅರವತ್ತು ಬಾಟಲಿ ಮೂಲೆಯಲ್ಲೇ ನಿಂತವು. ಅವಳು ಮಾಡಿದ ರೊಟ್ಟಿಯನ್ನು ಶಾಕಿರ್ ಮುಟ್ಟದೆ, ಅಂಗಡಿಯಿಂದ ಬ್ರೆಡ್ಡು ತಂದು ತಿಂದ. ತೋಟದಲ್ಲಿ ಹೂ ಬಿಡಿಸಲು ಆರೇ ಜನ. ತಾವೂಸಳ ಗೋಡೆ ಪಕ್ಕದ ಗಿಡದ ಹೂವು ಯಾರೂ ಕೈ ಹಾಕದೆ ಕಂದು ತಿರುಗಿ ಉದುರತೊಡಗಿತು. "ನೀನು ಹತ್ತು" ಎಂದು ನಜೀಬ್ ಮಗಳಿಗೆ ಹೇಳಿದ. ಮುಂಜಾನೆ ಏಣಿ, ಮಧ್ಯಾಹ್ನ ಭಟ್ಟಿ, ಸಂಜೆ ಅಡುಗೆ. ಅದರ ಮೇಲೆ ಊಟದ ಹೊತ್ತಿಗೆ ಅದೇ ಪ್ರಶ್ನೆ. ಏಣಿಯ ಮೇಲಿದ್ದಾಗ ಹತ್ತು ಗಂಟೆಯಾದರೂ ಆ ಗಿಡದ ಎಲೆಗಳ ಮೇಲೆ ಇಬ್ಬನಿ ಆರಿರಲಿಲ್ಲ. ಅವಳು ಒದ್ದೆಯಾದ ಕೈಯನ್ನು ಕೆಳಗಿದ್ದ ಅಪ್ಪನ ಮುಖಕ್ಕೆ ಹಿಡಿದಳು.

"ನೋಡು ಬಾಬಾ. ನಾನೂ ನೀರು ಚಿಮುಕಿಸಿದ್ದೀನಿ."

ಅವನು ಬೇರೆ ಗಿಡದ ಕಡೆಗೆ ನಡೆದ.

ಎರಡನೆಯ ವಾರದ ಕೊನೆಗೆ ಒಂದು ಮಧ್ಯಾಹ್ನ ಗಂಡಸರಿಬ್ಬರೂ ಇರಲಿಲ್ಲ. ವಿದಾದ್ ಅವರೆ ಕಾಳು ಸುಲಿಯುತ್ತಿದ್ದಳು. ಹಯಾತ್ ಪಕ್ಕದಲ್ಲಿ ಬಂದು ಕೂತು, ತಾನೂ ನಾಲ್ಕು ಕಾಯಿ ಕೈಗೆ ತೆಗೆದುಕೊಂಡಳು. ಈ ದಿನಗಳಲ್ಲಿ ಮಗಳ ಪರವಾಗಿ "ಬಿಟ್ಬಿಡಿ ಅವಳನ್ನ" ಎಂದು ಒಂದೆರಡು ಸಲವಾದರೂ ಅಂದವಳು ಅವಳೊಬ್ಬಳೇ.

"ನೀನು ಬರೆದಿದ್ದೀಯ. ಅಂದ್ರೆ ನಿಂಗೊತ್ತು."

"ಏನು ಗೊತ್ತು?"

"ತಾವೂಸ್ ವಿಷಯ."

ವಿದಾದ್ ತಲೆ ಎತ್ತಲಿಲ್ಲ. "ಅಷ್ಟೇ ಗೊತ್ತು. ಯಾಕೆ ಅಂತ ಗೊತ್ತಿಲ್ಲ."

"ಯಾಕೆ ಅನ್ನೋದು ಬೇಡ." ಹಯಾತ್ ದನಿ ತಗ್ಗಿಸಿದಳು. "ಒಂದು ಮಾತು ಕೇಳು. ಅದರಲ್ಲಿ ಒಂದು ಸಾಲು ಅಳಿಸೋಕಾಗುತ್ತಾ? ಶಾಕಿರ್‌ದು ಮಾತ್ರ. ಲಲ್ಲಾಗೆ ಎಂಬತ್ತಾರು. ಇನ್ನೊಂದು ವರ್ಷ ಬಿಟ್ಟು ನಾವು ಮತ್ತೆ ಕೇಳೋಣ. ಆಗ ನೀನು ನೋಡಿ 'ಆಗುತ್ತೆ' ಅಂದ್ರೆ ಆಯ್ತು. ಯಾರಿಗೆ ಗೊತ್ತಾಗುತ್ತೆ?"

ವಿದಾದ್ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದಳು. "ತಾವೂಸ್‌ಗೆ ಗೊತ್ತಾಗಲ್ವಾ?"

"ಅವಳು ಹೇಳಲ್ಲ. ಇಪ್ಪತ್ತೆಂಟು ವರ್ಷ ಹೇಳಿಲ್ಲ."

"ಅಂದ್ರೆ ಅವಳು ಹೇಳಲ್ಲ ಅನ್ನೋ ಧೈರ್ಯ ನಿಂಗೆ. ಅದೇ ಧೈರ್ಯದಿಂದ ತಾನೆ ಬಾಬಾ ಅವಳನ್ನ ಕಳ್ಳಿ ಅಂದಾಗ ಬೆಂಕಿ ಕೆದಕ್ತಾ ಕೂತಿದ್ದು?"

"ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ನಿನ್ನ ಮಗನನ್ನ ಬದುಕಿಸಿದ ಹೆಂಗಸು ಉಮ್ಮಿ ಅವಳು! ಪ್ರತಿ ವರ್ಷ ಇದೇ ಹಿತ್ತಿಲಿಗೆ ಬಂದು, ಇದೇ ನಲ್ಲೀಲಿ ನೀರು ಕುಡಿದು ಹೋಗ್ತಿದ್ಲು. ಒಂದು ದಿನ ಒಳಗೆ ಕರೆದು ಊಟ ಹಾಕಿದ್ದೀಯಾ? ಈಗ ಅಣ್ಣನಿಗೆ ಹಾಲಿನ ತಂಗೀನೇ ಕಟ್ಟು ಅಂತೀಯ. ಅದನ್ನೂ ನನ್ನ ಕೈಲೇ ಮಾಡಿಸ್ತೀಯ!"

ಹಯಾತ್ ಸಿಪ್ಪೆಗಳನ್ನು ಒಟ್ಟುಮಾಡಿಕೊಂಡು ಎದ್ದುಹೋದಳು. ಆ ರಾತ್ರಿಯ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು.

ಮಾರನೆಯ ವಾರ ಶಾಕಿರ್ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೋಟಾರ್ ಬೈಕಿನ ಹಿಂದೆ ಕಟ್ಟಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಹೋದ. ಸಂಜೆ ತಿರುಗಿ ಬಂದಾಗ ಎಲ್ಲರೂ ಅಂಗಳದಲ್ಲಿದ್ದರು. ಭಟ್ಟಿ ಇಳಿಸಿ, ಹೂನೀರನ್ನು ಗಾಜಿನ ದೊಡ್ಡ ಜಾಡಿಗಳಿಗೆ ಸುರಿಯುವ ಕೆಲಸ ನಡೆದಿತ್ತು. ಅವನು ಪೆಟ್ಟಿಗೆಯನ್ನು ನಡುವೆ ತಂದು ನೆಲಕ್ಕಿಟ್ಟ.

"ತೆಗೆದ್ನಾ?" ಎಂದ ನಜೀಬ್.

"ಇಲ್ಲ. ಈ ಬೀಗ ಒಡೆಯೋಕಾಗಲ್ಲ ಅಂದ. ಆದರೆ ಅಳಿಸೋಕೆ ಯಾರ ಬೀಗವೂ ಬೇಡವಂತೆ. ಎರಡು ನಿಮಿಷದ ಕೆಲಸ." ಅವನು ತಂಗಿಯ ಕಡೆ ತಿರುಗಿದ. "ಪಾಸ್‌ವರ್ಡ್ ಹೇಳ್ತೀಯೋ, ಎಲ್ಲ ಅಳಿಸ್ಲೋ?"

ಇನ್ನೂರ ಹದಿನಾಲ್ಕು ಹೆಸರು. ಅಜ್ಜಿಯ ತಲೆಯಲ್ಲಿ ಈಗ ಅದರಲ್ಲಿ ಅರ್ಧವೂ ಉಳಿದಿರಲಿಲ್ಲ. ನಿನ್ನೆ ಮಧ್ಯಾಹ್ನ ಅವಳು ವಿದಾದ್‌ಳನ್ನೇ ಸತ್ತುಹೋದ ತಂಗಿಯ ಹೆಸರಿನಿಂದ ಕರೆದಿದ್ದಳು.

"ಹೇಳಲ್ಲ" ಅಂದಳು ವಿದಾದ್.

"ಅಳಿಸು" ಎಂದಳು ಚಾಪೆಯ ಮೇಲಿದ್ದ ಮೊಂಜಿಯಾ. "ಅಳಿಸಿ ನನ್ನ ಜಾಗದಲ್ಲಿ ನೀನು ಕೂತ್ಕೋ. ನಾಳೆ ಹೆಂಗಸರು ಸಕ್ಕರೆ ತಂದು ಕೇಳಿದಾಗ ನೀನೇ ಹೇಳು, ಯಾರು ಯಾರಿಗೆ ಅಣ್ಣ, ಯಾರು ಯಾರಿಗೆ ಗಂಡ ಅಂತ."

"ಹೇಳ್ತೀನಿ! ನಿನ್ನ ಹಾಗೆ ಊರಿನ ಮದುವೆ ಮುರೀತಾ ಕೂರಲ್ಲ!" ಅವನು ಭಟ್ಟಿಯ ಕಟ್ಟಿಗೆ ಒಡೆಯುವ ಕೊಡಲಿ ಎತ್ತಿಕೊಂಡ. "ಅಂಗಡಿಯವನಿಗೆ ದುಡ್ಡೂ ದಂಡ. ಇಲ್ಲೇ ಮುಗಿಸ್ತೀನಿ."

ವಿದಾದ್ ಹೋಗಿ ಪೆಟ್ಟಿಗೆಯ ಮೇಲೆ ಕೂತಳು. ನಜೀಬ್ "ಏಳೇ!" ಎಂದು ಗದರಿದ. ಆಗ ಹಯಾತ್ ಕೈಯಲ್ಲಿದ್ದ ಲಾಳಿಕೆಯನ್ನು ಜಾಡಿಯ ಬಾಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಕೊಡಲಿ ಕೆಳಗಿಡು ಶಾಕಿರ್. ನಿಂಗೆ ಹಾಲು ಕೊಟ್ಟದ್ದು ತಾವೂಸ್."

"ಯಾವ ತಾವೂಸ್?" ಎಂದ ನಜೀಬ್.

"ನೀನು ಕಳ್ಳಿ ಅಂದ್ಯಲ್ಲ, ಅವಳೇ. ಇಲ್ಹಾಮ್‌ಗೂ ಅವಳೇ ಕೊಟ್ಟದ್ದಿರಬೇಕು. ಅದಕ್ಕೇ ಲಲ್ಲಾ ಆಗಲ್ಲ ಅಂದದ್ದು."

"ನಿಂಗೇನಾಗಿತ್ತು?"

"ನೀನು ಲಿಬಿಯಾದಲ್ಲಿ ಗೋಡೆ ಕಟ್ತಿದ್ದೆ. ನಂಗೆ ಜ್ವರ ಅಂತ ನಿಂಗೆ ಕಾಗದ ಬರೆಸಿದ್ವಿ." ಹಯಾತ್ ಗಂಡನನ್ನು ನೋಡದೆ, ಜಾಡಿಯ ಕುತ್ತಿಗೆಯನ್ನು ಹಿಡಿದುಕೊಂಡು ಮಾತಾಡಿದಳು. "ಜ್ವರ ಇರಲಿಲ್ಲ. ಮಗು ಅತ್ರೆ ನಂಗೆ ಯಾರೋ ತಲೇಲಿ ಕಬ್ಬಿಣ ಬಡಿದ ಹಾಗಾಗ್ತಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದೆ. ಹತ್ತನೇ ದಿನ ಎತ್ತಿಕೊಂಡು ಬಾವಿ ಕಟ್ಟೆ ಮೇಲೆ ಹೋಗಿ ಕೂತೆ. ಲಲ್ಲಾ ಬಂದು ಕೈಯಿಂದ ಕಿತ್ಕೊಂಡ್ರು. ಬೈಲಿಲ್ಲ. ತಾವೂಸ್ ಆಗಷ್ಟೇ ಹೆತ್ತಿದ್ಲು. ಹಗಲೂ ರಾತ್ರಿ ಐದಾರು ಸಲ ಹಿತ್ತಿಲ ಬಾಗಿಲಿಂದ ಬರೋಳು. ಮೂವತ್ತೆಂಟು ದಿನ. ನಿನ್ನ ಅಣ್ಣಂದಿರಿಗೆ ಗೊತ್ತಾಗಿದ್ರೆ ನನ್ನನ್ನ ಅವತ್ತೇ ತವರಿಗೆ ಅಟ್ಟಿರೋರು. ಇಷ್ಟೇ. ಇನ್ನು ಆ ಹುಡುಗೀನ ಪೀಡಿಸಬೇಡಿ."

ಶಾಕಿರ್ ಕೊಡಲಿಯನ್ನು ಕೈಬಿಟ್ಟ. "ನನ್ನನ್ನ ಬಾವಿಗೆ ಹಾಕೋಕೆ ಹೋಗಿದ್ಯಾ?"

"ಗೊತ್ತಿಲ್ಲಪ್ಪ. ಕೂತಿದ್ದೆ. ಅಷ್ಟು ನೆನಪಿದೆ."

"ಅವತ್ತು ಊಟದಲ್ಲಿ ಕೇಳ್ದೆನಲ್ಲ! ನಿನ್ನ ಹಾಲು ಬಿಟ್ಟು ಯಾರ ಹಾಲು ಕುಡಿದೆ ಅಂತ ಬಾಯಿಬಿಟ್ಟು ಕೇಳ್ದೆ! ಆಗ ಹೇಳೋಕೆ ಏನಾಗಿತ್ತು? ಊರೆಲ್ಲ ಅಜ್ಜೀನ ಹುಚ್ಚಿ ಅಂತ ಸಾರಿಕೊಂಡು ಬಂದೆ ನಾನು. ಇವಳ ಕೈಯ ರೊಟ್ಟಿ ಬಿಟ್ಟೆ!" ಅವನು ಬೈಕ್ ಹತ್ತಿ ಹೊರಟುಹೋದ. ಎರಡು ದಿನ ಮನೆಗೆ ಬರಲಿಲ್ಲ.

ಬಂದವನು ತಾನೇ ಕಂಪ್ಯೂಟರಿನ ಪೆಟ್ಟಿಗೆಯನ್ನು ಒರೆಸಿ, ಮುಂದಿನ ಕೋಣೆಯಲ್ಲಿಟ್ಟು, ತಂತಿಗಳನ್ನು ಜೋಡಿಸಿದ. ಮಧ್ಯಾಹ್ನ ವಿದಾದ್ ಮಾಡಿದ ರೊಟ್ಟಿಯನ್ನು ಮುರಿದು ತಿಂದ. ನಜೀಬ್ ಮಾತ್ರ ಇದ್ದಂತೆಯೇ ಇದ್ದ. ಊಟ ಮುಗಿದಾಗ ಮೊಂಜಿಯಾ ಮಗನನ್ನು ಕೇಳಿದಳು:

"ತಾವೂಸ್ ಮನೆಗೆ ಯಾವಾಗ ಹೋಗ್ತೀಯ?"

"ಯಾಕೆ ಹೋಗ್ಲಿ?"

"ಆಡಿದ ಮಾತು ವಾ‍ಪಸ್ ತಗೊಳ್ಳೋಕೆ."

"ಹಾಲು ಬೇರೆ, ಹೂವು ಬೇರೆ. ಹಾಲು ಕೊಟ್ಟಿದ್ದಕ್ಕೆ ನಾನು ದೇವರಿಗೆ ಶರಣು ಅಂತೀನಿ. ಹೂವು ಒದ್ದೆ ಇತ್ತು."

"ನನ್ನ ಕೈಯೂ ಒದ್ದೆ ಇತ್ತು ಬಾಬಾ. ನೀನು ನೋಡ್ದೆ."

"ಏಳು ಜನರ ಮುಂದೆ ಆಡಿದ ಮಾತದು. ಈಗ ಹೋಗಿ ಕೂಲಿ ಹೆಂಗಸಿನ ಕಾಲು ಹಿಡೀಲಾ? ನಾಳೆ ತಕ್ಕಡಿ ಮುಂದೆ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?"

"ಹಾಗಾದ್ರೆ ಏಳು ಜನರನ್ನೂ ಕರೆದೇ ಹೇಳು" ಅಂದಳು ಹಯಾತ್. ಗಂಡನಿಗೆ ಅವಳು ಎದುರು ಮಾತಾಡಿದ್ದನ್ನು ವಿದಾದ್ ಮೊದಲ ಸಲ ಕೇಳಿದಳು. ನಜೀಬ್ ಬಟ್ಟಲು ದೂಡಿ ಎದ್ದ.

ಹಯಾತ್ ಮರುದಿನ ತಾನೇ ಹೋದಳು. ತಾವೂಸ್ ಬಾಗಿಲಲ್ಲೇ ನಿಂತು, "ನೀನೇನು ಅಂದಿಲ್ಲವಲ್ಲ ನಂಗೆ. ನೀನು ಯಾವತ್ತೂ ಏನೂ ಅಂದಿಲ್ಲ" ಎಂದಷ್ಟೇ ಹೇಳಿ ಬಾಗಿಲು ಮುಚ್ಚಿದಳಂತೆ.

ಹೂವಿನ ಕಾಲ ಮುಗಿಯಿತು. ಕಡೆಯ ಭಟ್ಟಿ ಇಳಿದ ದಿನ, ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ, ಮುಂಬಾಗಿಲಲ್ಲಿ ತಾವೂಸ್ ಬಂದು ನಿಂತಳು. ಹಿತ್ತಿಲ ಬಾಗಿಲಿಂದಲ್ಲ. ತಲೆಗೆ ಒಗೆದ ಬಿಳಿ ಹೊದಿಕೆ, ಕೈಯಲ್ಲಿ ಸಕ್ಕರೆಯ ಪೊಟ್ಟಣ. ಅಂಗಳದಲ್ಲಿ ಬಾಟಲಿಗಳಿಗೆ ಬೆಂಡು ಬಡಿಯುತ್ತಿದ್ದ ನಜೀಬನ ಕೈ ಗಾಳಿಯಲ್ಲೇ ನಿಂತಿತು.

"ಲಲ್ಲಾ ಮೊಂಜಿಯಾ, ನನ್ನ ಕಿರಿಯವಳು ನಜ್ವಾನ ಕೇಳ್ತಿದ್ದಾರೆ. ಹುಡುಗ ನಮ್ಮ ಕೇರಿಯವನೇ, ಬಡಗಿ ಕೆಲಸದವನು." ಅವನ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಹೇಳಿದಳು.

"ಬಾ, ಕೂತ್ಕೋ" ಎಂದಳು ಮುದುಕಿ. "ಇನ್ನು ನನ್ನನ್ನ ಕೇಳ್ಬೇಡ. ಅವಳನ್ನ ಕೇಳು."

ವಿದಾದ್ ಎದ್ದು, ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ಕೇಳಿದಳು. "ನೀವು ಯಾರಿಗೆ ಕೊಟ್ರಿ ಅನ್ನೋದು ನಿಮಗೇ ಗೊತ್ತಲ್ವಾ ಖಾಲ್ತಿ?"

"ನಾನು ಕೊಟ್ಟದ್ದು ನಂಗೊತ್ತು ಮಗಳೇ. ನಜ್ವಾ ಯಾರ ಹತ್ರ ಕುಡಿದ್ಲು ಅನ್ನೋದು ನಂಗೆಲ್ಲಿ ಗೊತ್ತು? ಅವಳು ಹುಟ್ಟಿದ ವರ್ಷ ನಾನು ಇಲ್ಲೇ ಏಣಿ ಮೇಲಿದ್ದೆ. ಅತ್ತಾಗ ಯಾರ್ಯಾರೋ ಎತ್ಕೊಂಡಿದ್ದಾರೆ."

ವಿದಾದ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಗುಟ್ಟಿನ ಮಾತನ್ನು ಒತ್ತಿದಳು, ಫೈಲ್ ತೆರೆಯಿತು. ನಜ್ವಾಳ ಸಾಲಿನಲ್ಲಿ ಮೂವರು ಹೆಂಗಸರಿದ್ದರು. ಆ ಮೂವರ ಹಾಲು ಕುಡಿದ ಮಕ್ಕಳನ್ನೆಲ್ಲ ಒಂದೊಂದಾಗಿ ನೋಡಿದಳು. ಬಡಗಿಯ ಹೆಸರಾಗಲಿ ಅವನ ತಾಯಿಯ ಹೆಸರಾಗಲಿ ಎಲ್ಲಿಯೂ ಇರಲಿಲ್ಲ. ನಜ್ವಾ ಹುಟ್ಟಿದ ವರ್ಷ ಹಯಾತ್‌ಳ ಎದೆಯಲ್ಲಿ ಹಾಲಿತ್ತು. ವಿದಾದ್ ಆಗ ಒಂದು ವರ್ಷದ ಕೂಸು. ತಾವೂಸ್ ಏಣಿ ಹತ್ತುತ್ತಿದ್ದ ಗಿಡಕ್ಕೂ ಈ ಮನೆಯ ಹಿತ್ತಿಲಿಗೂ ನಲವತ್ತು ಹೆಜ್ಜೆ. ವಿದಾದ್ ಮೇಲಿಂದ ಕೆಳಗಿನವರೆಗೆ ಪಟ್ಟಿ ಪೂರ್ತಿ ನೋಡಿದಳು. ಹಾಲು ಕೊಟ್ಟವರಲ್ಲಿ ಹಯಾತ್ ಎಂಬ ಹೆಸರು ಒಂದು ಕಡೆಯೂ ಇರಲಿಲ್ಲ. ಫೈಲಿಗೆ ಮತ್ತೆ ಬೀಗ ಹಾಕಿ, ಮುಖ ಒರೆಸಿಕೊಂಡು ಹೊರಗೆ ಬಂದಳು.

"ಆಗುತ್ತೆ ಖಾಲ್ತಿ."

ತಾವೂಸ್ ತಲೆದೂಗಿ ಎದ್ದಳು. ಹಯಾತ್ ತಂದಿಟ್ಟ ಹೂನೀರಿನ ಕಾಫಿ ಹಾಗೇ ಇತ್ತು. ಶಾಕಿರ್ ಬೈಕನ್ನು ಬಾಗಿಲ ಹತ್ತಿರ ತಂದು ನಿಲ್ಲಿಸಿಕೊಂಡಿದ್ದ. "ಬನ್ನಿ, ಮನೆಗೆ ಬಿಡ್ತೀನಿ" ಅಂದ. ಮಾತು ಒರಟಾಗಿಯೇ ಬಂತು. ಅವನಿಗೆ ಬೇರೆ ಬಗೆ ಗೊತ್ತಿರಲಿಲ್ಲ.

ತಾವೂಸ್ ಅವನನ್ನು ಕಾಲಿಂದ ತಲೆಯವರೆಗೂ ನೋಡಿದಳು. "ಇಪ್ಪತ್ತೆಂಟು ವರ್ಷ ನನ್ನ ಮನೆ ಮುಂದೆ ಧೂಳೆಬ್ಬಿಸ್ಕೊಂಡು ಹೋಗಿದ್ದೀಯ. ಒಂದು ಸಲಾಂ ಹೇಳಿದ್ದೀಯಾ? ನಡೆದೇ ಹೋಗ್ತೀನಿ ಬಿಡು." ಆಮೇಲೆ ನಜೀಬನ ಮುಂದೆ ಬಂದು ನಿಂತಳು. "ಸೀ ನಜೀಬ್, ನಂಗೇನಾದ್ರೂ ಹೇಳೋದಿದ್ಯಾ?"

ನಜೀಬ್ ಎರಡು ಬಾಟಲಿಗಳನ್ನು ಮುಂದೆ ಸರಿಸಿದ. "ಮದುವೆಗೆ ಬೇಕಾಗುತ್ತೆ. ತಗೊಂಡು ಹೋಗು. ದುಡ್ಡು ಬೇಡ."

"ಬಾಟ್ಲಿ ಕೇಳಲಿಲ್ಲ ನಾನು."

ಅವನು ಬೆಂಡು ಬಡಿಯುವ ಮರದ ಸುತ್ತಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಂಗಳದಲ್ಲಿ ಎಲ್ಲರೂ ಕಾದರು. ತಾವೂಸ್ ಕೂಡ, ಬಿಸಿಲಲ್ಲಿ ನಿಂತೇ, ಬೇಕಾದಷ್ಟು ಹೊತ್ತು ಕಾದಳು. ಆಮೇಲೆ ಹೊದಿಕೆಯನ್ನು ಸರಿಮಾಡಿಕೊಂಡು, ಬಂದ ಮುಂಬಾಗಿಲಿನಿಂದಲೇ ಹೊರಟುಹೋದಳು.

"ಕೊಟ್ಟೆ ತಾನೆ? ತಗೊಳ್ಳಲಿಲ್ಲ ಅವಳು. ಇನ್ನೇನು ಮಾಡ್ಲಿ ನಾನು?" ಎಂದು ನಜೀಬ್ ಎಲ್ಲರ ಕಡೆಗೂ ತಿರುಗಿ ಕೇಳಿದ. ಹಯಾತ್ ಆರಿದ ಕಾಫಿಯ ಲೋಟವನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದು, ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ವಿದಾದ್ ಅವಳ ಪಕ್ಕದಲ್ಲಿ ಕೂತಳು. ಶಾಕಿರ್ ಬೈಕಿಗೆ ಒರಗಿ ಬೀದಿಯನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತಾದ ಮೇಲೆ ನಜೀಬ್ ತನಗೊಂದು ಕಾಫಿ ಬೇಕೆಂದ. ಯಾರೂ ಏಳಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ ಕೇಳಿದ. ಯಾರೂ ಏಳಲಿಲ್ಲ.